ಕೋಕಿಲಾ ಎಂಬ ಪ್ರಿಂಟರ್

ನನ್ನ ಸಿಟ್ಟು ಲಿಂಗಂಪಲ್ಲಿಯ ಸ್ಟೇಷನ್ ರಸ್ತೆಗೆಲ್ಲ ಗೊತ್ತು. ನಮ್ಮ ಝೆರಾಕ್ಸ್ ಅಂಗಡಿಗೆ ಬರುವ ಹುಡುಗರು ಪೆನ್‌ಡ್ರೈವ್ ಕೊಡುವ ಮೊದಲು ನನ್ನ ಮುಖ ನೋಡಿ, ಇವತ್ತು ಹವಾ ಹೇಗಿದೆ ಎಂದು ಅಳೆದುಕೊಳ್ಳುತ್ತಾರೆ. ಆ ಸಿಟ್ಟಿನ ಮುಕ್ಕಾಲು ಪಾಲು ಅಂಗಡಿಯ ಹಳೆಯ ಪ್ರಿಂಟರಿಗೇ ಸಲ್ಲುತ್ತಿತ್ತು. ಕಾಗದ ನುಂಗುವುದು, ಅರ್ಧ ಪುಟ ಮುದ್ರಿಸಿ ಮುಷ್ಕರ ಹೂಡುವುದು, ಅದಕ್ಕಿಲ್ಲದ ಕೆಟ್ಟ ಗುಣವೇ ಇರಲಿಲ್ಲ. ಅದಕ್ಕೊಂದು ಹೆಸರೂ ಇತ್ತು. ಕೋಕಿಲಾ.

ಹೆಸರಿಟ್ಟವರು ನನ್ನ ಗಂಡ ಶರಣಕುಮಾರ. ಅವರಿಗೆ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಸರಕು ಇಳಿಸುವ ಕಡೆ ನೌಕರಿ. ಅಂಗಡಿ ನೋಡಿಕೊಳ್ಳುವವಳು ನಾನು. ಗಿರಾಕಿಗಳ ಪೆನ್‌ಡ್ರೈವುಗಳಿಂದ ವೈರಸ್ ಬಂದು ಕಂಪ್ಯೂಟರ್ ಪದೇ ಪದೇ ಕೆಡುತ್ತಿದ್ದಾಗ, ಎರಡು ವರ್ಷದ ಹಿಂದೆ ಅವರೇ ಕೂತು ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದರು. ಪ್ರಿಂಟರ್ ಸೇರಿಸುವಾಗ ಅದಕ್ಕೆ ನಮಗೆ ಬೇಕಾದ ಹೆಸರು ಕೊಡಬಹುದು. ಪರದೆಯ ಮೇಲೆ ಕೋಕಿಲಾ ಎಂದು ಕಂಡಾಗ, ಯಾರಿವಳು, ಕಾಲೇಜಿನಲ್ಲಿ ಜೊತೆಗೆ ಓದಿದವಳೇ ಎಂದು ನಾನು ಕಾಡಿಸಿದ್ದೆ. ಅವರು ನಕ್ಕಂತೆ ಮಾಡಿ ಪ್ರಿಂಟರಿಗೆ ಕಾಗದ ತುಂಬತೊಡಗಿದರು. ಅಂದಿನಿಂದ ಸವತಿಯೊಬ್ಬಳು ಸಿಕ್ಕಳು ಎಂದು ನನ್ನ ಬಾಯಿಗೆ ಬಿಡುವೇ ಇರಲಿಲ್ಲ. ಹಾಳಾದವಳು, ಹೊಟ್ಟೆಬಾಕಿ, ನನ್ನ ಪ್ರಾಣ ತಿನ್ನಲೆಂದೇ ಬಂದವಳು ಎಂದು ದಿನವೂ ಮಂಗಳಾರತಿ ಎತ್ತುತ್ತಿದ್ದೆ. ಗಿರಾಕಿಗಳೂ ನಗುತ್ತಿದ್ದರು.

ಹೋದ ವಾರ ಅದು ಕೊನೆಗೂ ಕೈಕೊಟ್ಟಿತು. ರಿಪೇರಿಯವನು ಬಿಚ್ಚಿ ನೋಡಿ ತಲೆಯಾಡಿಸಿ, ಬಿಡಿಭಾಗಕ್ಕಾದರೂ ಆದೀತೆಂದು ಹೊತ್ತುಕೊಂಡು ಹೋದ. ವೈಫೈಗೆ ಸೇರುವ ಹೊಸ ನೆಟ್‌ವರ್ಕ್ ಪ್ರಿಂಟರ್ ತಂದೆವು. ಭಾನುವಾರ ನಾನೇ ಜೋಡಿಸುತ್ತೇನೆ, ಅಲ್ಲಿಯವರೆಗೆ ಸುಮ್ಮನಿರು ಎಂದರು ಗಂಡ. ಪರೀಕ್ಷೆಯ ಕಾಲ, ಹಾಲ್‌ಟಿಕೆಟ್ಟಿಗೆ ಬಂದ ಮಕ್ಕಳನ್ನು ಭಾನುವಾರ ಬನ್ನಿ ಎಂದು ಕಳಿಸಲೇ? ನಾನೇ ಕೈಹಾಕಿದೆ.

ಅವತ್ತು ಗುರುದೇವಿ ಅಕ್ಕ ಅಂಗಡಿಯಲ್ಲಿದ್ದರು. ಅವರು ನನ್ನ ಗಂಡನ ಅಕ್ಕ, ಯಾದಗಿರಿಯವರು. ಮೂರು ವರ್ಷದ ಹಿಂದೆ ನಮ್ಮ ಕೂಸು ತೀರಿಹೋದ ಮೇಲೆ ಈ ಊರಿಗೆ ಕಾಲಿಟ್ಟಿರಲಿಲ್ಲ. ಹಿಂದಿನ ದಿನವಷ್ಟೇ ರೈಲಿಗೆ ಬಂದಿದ್ದರು. ಸ್ಟೂಲಿನ ಮೇಲೆ ಕೂತು, ಊರಿಂದ ತಂದ ಹಸಿ ತೊಗರಿಕಾಯಿ ಸುಲಿಯುತ್ತಿದ್ದರು. ನಮ್ಮ ಕೂಸು ಹೆಣ್ಣು. ತೊಟ್ಟಿಲಿಗೆ ಹಾಕುವ ಮೊದಲೇ ಆಸ್ಪತ್ರೆಯಲ್ಲೇ ಹೋಯಿತು. ಕಾಲಿಗೆ ಕಟ್ಟಿದ್ದ ಪಟ್ಟಿಯಲ್ಲಿ ವಿಜಯಶ್ರೀಯ ಮಗು ಎಂದು ನನ್ನ ಹೆಸರಷ್ಟೇ ಇತ್ತು. ನಮ್ಮ ಮನೆತನದಲ್ಲಿ ಅಪ್ಪನೂ ಸೋದರತ್ತೆಯೂ ಕೂಡಿ ಹೆಸರು ತೆಗೆಯುತ್ತಾರೆ. ತೊಟ್ಟಿಲ ದಿನ ಸೋದರತ್ತೆ ಅದನ್ನು ಮೊದಲು ಕೂಸಿನ ಕಿವಿಯಲ್ಲಿ ಹೇಳಬೇಕು. ಅಲ್ಲಿಯವರೆಗೆ ಹಡೆದವಳಿಗೂ ತಿಳಿಸುವುದಿಲ್ಲ. ತೊಟ್ಟಿಲೇ ಆಗದ ಮೇಲೆ ಹೆಸರೂ ಹೊರಗೆ ಬರಲಿಲ್ಲ. ಕೇಳುವ ಧೈರ್ಯ ನನಗೆ ಇರಲಿಲ್ಲ, ಹೇಳುವ ಧೈರ್ಯ ಅವರಿಬ್ಬರಿಗೂ ಇರಲಿಲ್ಲ.

ಹೊಸ ಪ್ರಿಂಟರಿಗೆ ನಮ್ಮ ವೈಫೈ ಪಾಸ್‌ವರ್ಡ್ ಒತ್ತಿದೆ. ಕಂಪ್ಯೂಟರಿನಲ್ಲಿ ಹುಡುಕಿದರೆ ಅದು ಕಾಣಲೇ ಇಲ್ಲ. ನೋಡಿದರೆ ಕಂಪ್ಯೂಟರ್ ಪಕ್ಕದ ಮೊಬೈಲ್ ಅಂಗಡಿಯ ವೈಫೈ ಹಿಡಿದು ಕೂತಿತ್ತು. ಎರಡನ್ನೂ ಒಂದೇ ವೈಫೈಗೆ ತಂದ ಕೂಡಲೇ ಹೊಸ ಪ್ರಿಂಟರ್ ತಾನಾಗಿ ಪಟ್ಟಿಯಲ್ಲಿ ಮೂಡಿತು. ಸೇರಿಸಿದೆ. ಟೆಸ್ಟ್ ಪೇಜೂ ಚೆನ್ನಾಗಿ ಬಂತು. ಆದರೆ ಎದುರು ನಿಂತಿದ್ದ ಹುಡುಗಿಯ ಹಾಲ್‌ಟಿಕೆಟ್ ಎಷ್ಟು ಸಲ ಕಳಿಸಿದರೂ ಕಾಗದ ಬರಲಿಲ್ಲ. ಬೇರೆ ಪ್ರಿಂಟರ್ ಆರಿಸದಿದ್ದರೆ ಎಲ್ಲವೂ ಕೋಕಿಲಾಗೇ ಹೋಗುವಂತೆ ಗಂಡ ಹೊಂದಿಸಿಟ್ಟಿದ್ದರು. ನಾನು ಕಳಿಸಿದ್ದೆಲ್ಲ ಇಲ್ಲದ ಪ್ರಿಂಟರಿನ ಮುಂದೆ ಸರದಿ ನಿಂತಿತ್ತು.

ಗಂಡನಿಗೆ ಫೋನ್ ಮಾಡಿದೆ. ಹೊಸದನ್ನು ಡಿಫಾಲ್ಟ್ ಮಾಡಲು ಎಲ್ಲಿ ಒತ್ತಬೇಕೆಂದು ಹೇಳಿಕೊಟ್ಟರು. ಹಳೆಯದನ್ನು ತೆಗೆದೇ ಬಿಡುತ್ತೇನೆ ಎಂದಾಗ ಅವರ ದನಿ ಬದಲಾಯಿತು.

"ಅದನ್ನ ಮುಟ್ಟಬ್ಯಾಡ. ಇರಲಿ ಬಿಡು, ನಿನಗೇನು ಭಾರ ಆಗೈತಿ?"

ಗುಜರಿಗೆ ಹೋದ ಯಂತ್ರದ ಮೇಲೆ ಇಷ್ಟು ಮಮತೆಯೇ ಎಂದು ನನಗೆ ರೇಗಿತು. ಫೋನ್ ಇಟ್ಟವಳೇ ಕೋಕಿಲಾ ಮೇಲೆ ಬೆರಳಿಟ್ಟೆ. ಖಂಡಿತ ತೆಗೆಯಬೇಕೇ ಎಂದು ಕಂಪ್ಯೂಟರ್ ಒಂದು ಸಲ ಕೇಳಿತು. ಹೌದು ಎಂದು ಒತ್ತಿದೆ. ಹೊಸದನ್ನು ಡಿಫಾಲ್ಟ್ ಮಾಡಿ ಮತ್ತೆ ಕಳಿಸಿದೆ, ಹಾಲ್‌ಟಿಕೆಟ್ ಸರಾಗವಾಗಿ ಹೊರಗೆ ಬಂತು. ಗೆದ್ದ ಸಂಭ್ರಮದಲ್ಲಿ ತಿರುಗಿ, ಇವತ್ತಿಗೆ ಕೋಕಿಲಾಳ ಕಾಟ ತಪ್ಪಿತು ಎಂದು ಅಕ್ಕನಿಗೆ ಹೇಳಿದೆ.

ಅಕ್ಕನ ಕೈ ನಿಂತಿತು. ಯಾರು ಕೋಕಿಲಾ ಎಂದು ಕೇಳಿದರು. ಹಳೆಯ ಪ್ರಿಂಟರ್, ನಿಮ್ಮ ತಮ್ಮ ಇಟ್ಟ ಹೆಸರು ಎಂದೆ. ಅವರು ಮೊರವನ್ನು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ವಿಜಿ, ಅದು ನಾನೂ ಅವನೂ ಕೂಡಿ ತಗದ ಹೆಸರು. ಕೂಸಿನ ಕಿವ್ಯಾಗ ಹೇಳಬೇಕಂತ ಇಟ್ಕೊಂಡಿದ್ದೆ."

ಅಯಿಂದಾ ಆಂಟಿ, ಆಯಿತೇ ಎಂದು ಹುಡುಗಿ ತೆಲುಗಿನಲ್ಲಿ ಕೇಳುತ್ತಿದ್ದಳು. ಹಾಲ್‌ಟಿಕೆಟ್ ಕೊಟ್ಟು ಕಳಿಸಿದೆ. ಎರಡು ವರ್ಷ ಆ ಹೆಸರು ಹಿಡಿದು ನಾನು ಏನೇನು ಅಂದಿಲ್ಲ! ಸಿಟ್ಟು ಬಂದಾಗ ಅದರ ಬೆನ್ನಿಗೆ ಎಷ್ಟು ಸಲ ಗುದ್ದಿಲ್ಲ! ನನ್ನ ಮಗಳಿಗೆ ಹೆಸರಿತ್ತು. ಅದು ನನಗೆ ತಿಳಿದದ್ದು ನನ್ನ ಕೈಯಾರೆ ಅಳಿಸಿದ ಮೇಲೆ. ಹೊಸ ಪ್ರಿಂಟರಿಗೆ ಅದೇ ಹೆಸರು ಕೊಡಲು ಅರ್ಧ ಟೈಪ್ ಮಾಡಿದೆ. ಆಮೇಲೆ ಬೇಡವೆನಿಸಿ ಬಿಟ್ಟೆ.

ಸಂಜೆ ಗಂಡ ಬಂದರು. ಅಕ್ಕನ ಮುಖ ನೋಡಿ, ಪರದೆ ನೋಡಿ, ಅವರಿಗೆ ಎಲ್ಲ ತಿಳಿಯಿತು. ಕೂಗಾಡಬೇಕೆಂದು ಮಧ್ಯಾಹ್ನದಿಂದ ಕಾದಿದ್ದೆ. ಆದರೆ ದನಿ ಅಳುವಾಗಿ ಬಂತು.

"ನನಗ ಹೇಳಲಿಲ್ಲ, ಮಶೀನಿಗೆ ಯಾಕ ಇಟ್ರಿ?"

ಅವರು ಗಿರಾಕಿಗಳ ಬೆಂಚಿನ ಮೇಲೆ ಕುಸಿದು ಕೂತರು. ನಿನ್ನೆದುರು ಆ ಹೆಸರು ಎತ್ತಲು ಬಾಯಿ ಬರಲಿಲ್ಲ, ಹಾಗೆಯೇ ಮರೆಯಲೂ ಆಗಲಿಲ್ಲ ಎಂದರು. ರಾತ್ರಿ ಪಾಳಿ ಮುಗಿಸಿ ಬಂದ ದಿನಗಳಲ್ಲಿ ಮನೆಗೆ ಹೋಗಿ ಮಲಗದೆ ಈ ಬೆಂಚಿನ ಮೇಲೆ ಯಾಕೆ ಕೂರುತ್ತಿದ್ದರೆಂದು ಆಗ ಹೇಳಿದರು.

"ನೀ ದಿನಾ ಅಕಿ ಹೆಸರು ಹಿಡದು ಕರೀತಿದ್ದಿ. ಅದನ್ನ ಕೇಳಾಕ ಬರ್ತಿದ್ದೆ."

"ಬೈತಿದ್ನಲ್ರಿ," ಎಂದೆ. "ಬರೇ ಬೈತಿದ್ದೆ."

"ಅಕಿ ಇದ್ದಿದ್ರೂ ನೀ ಬೈತಿದ್ದೆಲ್ಲ, ವಿಜಿ. ಮಕ್ಕಳನ್ನ ಬೈಲಾರದ ತಾಯಿ ಯಾರದಾಳ?"

ಅಕ್ಕ ಎದ್ದು ಶಟರ್ ಅರ್ಧಕ್ಕೆ ಇಳಿಸಿದರು. ಒಂದು ಸಲ, ಒಂದೇ ಒಂದು ಸಲ, ಬೈಯದೆ ಕರೆಯಬೇಕೆಂದು ಬಾಯಿ ತೆರೆದೆ. ಗಂಡ ತಲೆಯೆತ್ತಿ ಕಾಯುತ್ತಿದ್ದರು. ಎರಡು ವರ್ಷ ದಿನವೂ ನಾಲಿಗೆಯ ಮೇಲೆ ಓಡಾಡಿದ ಹೆಸರು ಈಗ ಗಂಟಲು ದಾಟಲಿಲ್ಲ.