ವರದಿಯ ಅವಧಿ ಮುಗಿದ ಮೇಲೆ

ನರ್ಸಿಂಗ್ ಡಾಕ್ಟರೇಟ್‌ಗೆ ಸೇರುವ ಹೊತ್ತಿಗೆ ವರ್ಲೀನ್ ಅರ್ಧ ಆಯಸ್ಸನ್ನು ಆಸ್ಪತ್ರೆಯ ವಾರ್ಡಿನಲ್ಲೇ ಸವೆಸಿದ್ದಳು. ಕೆಂಟಕಿಯ ಕಲ್ಲಿದ್ದಲು ಗುಡ್ಡಗಳ ಸಂದಿಯ ಸಣ್ಣ ಆಸ್ಪತ್ರೆ ಅದು. ವಿಶ್ವವಿದ್ಯಾಲಯ ಎಲ್ಲೋ ದೂರದಲ್ಲಿತ್ತು. ಪಾಠವೆಲ್ಲ ಅಡುಗೆಮನೆಯ ಮೇಜಿನ ಮೇಲೆ, ಲ್ಯಾಪ್‌ಟಾಪಿನಲ್ಲಿ. ಗಾಳಿ ಜೋರಾಗಿ ಇಂಟರ್ನೆಟ್ ಕೈಕೊಟ್ಟರೆ ಚರ್ಚಿನ ಅಂಗಳಕ್ಕೆ ಕಾರು ಒಯ್ದು, ಅಲ್ಲಿನ ವೈಫೈ ಹಿಡಿದು ಕ್ಲಾಸಿಗೆ ಕೂರುತ್ತಿದ್ದಳು.

ಪದವಿ ಸಿಗಬೇಕಾದರೆ ತಾನು ಕೆಲಸ ಮಾಡುವಲ್ಲೇ ಏನಾದರೂ ಸುಧಾರಣೆ ಮಾಡಿ ತೋರಿಸಬೇಕಿತ್ತು. ವರ್ಲೀನ್ ಆರಿಸಿಕೊಂಡದ್ದು ರಕ್ತಕ್ಕೆ ನಂಜೇರುವುದನ್ನು ಬೇಗ ಗುರುತಿಸುವ ಕೆಲಸ. ನರ್ಸುಗಳು ಪ್ರತಿ ರೋಗಿಯ ಜ್ವರ, ನಾಡಿ, ಉಸಿರು, ಎಚ್ಚರವನ್ನು ಮತ್ತೆ ಮತ್ತೆ ನೋಡಿ ಒಂದು ಹಾಳೆಯಲ್ಲಿ ಗುರುತು ಹಾಕಬೇಕು. ಹದ ತಪ್ಪಿದ್ದು ಕಂಡರೆ ತಕ್ಷಣ ವೈದ್ಯರನ್ನು ಕರೆಯಬೇಕು.

"ಏನೇ, ಇರೋ ಹಾಳೆ ಸಾಲ್ದು ಅಂತ ಇನ್ನೊಂದು ತಂದ್ಯಾ?" ಎಂದು ಅದೇ ವಾರ್ಡಿನ ಡೆಲ್ಫಾ ರೇಗಿಸಿದಳು. "ಬೆಡ್‌ಪ್ಯಾನ್ ಎತ್ತೋಕೆ ನಿನ್ನ ಪ್ರೊಫೆಸರು ಬರ್ತಾರಾ?"

"ಬರ್ತಾರೆ, ಕಂಪ್ಯೂಟರ್‌ನಿಂದ ಕೈ ಚಾಚ್ತಾರೆ. ಸುಮ್ನೆ ತುಂಬೇ ಮಾರಾಯ್ತಿ."

ಗೊಣಗಿದ ಡೆಲ್ಫಾಳೇ ಉಳಿದವರನ್ನು ಒಪ್ಪಿಸಿದಳು. ಮರೆತವರ ಬೆನ್ನು ಹತ್ತಿ ತುಂಬಿಸಿದಳು. ನಂಜಿನಿಂದ ಸಾಯುವವರು ಕಡಿಮೆಯಾದರು. ಡೆಲ್ಫಾ ಬನ್ನಿನೊಳಗೆ ಹಂದಿಮಾಂಸವಿಟ್ಟ ಹ್ಯಾಮ್ ಬಿಸ್ಕೆಟ್ ಮಾಡಿ ತಂದು ಎಲ್ಲರಿಗೂ ಹಂಚಿದಳು.

ಆಸ್ಪತ್ರೆಯ ಆಡಳಿತಾಧಿಕಾರಿ ಪ್ರೆಸ್ಟನ್ ವರ್ಲೀನಳನ್ನು ಕರೆಸಿದ. "ಭಾಳ ಚೆನ್ನಾಗಿದೆ. ನಿಮ್ಮ ಪದ್ಧತಿ ಇಷ್ಟು ಕೆಲಸ ಮಾಡ್ತಿರುವಾಗ ಪಾಳಿಗೆ ಮೂವರು ನರ್ಸು ಯಾಕೆ? ಒಬ್ಬರನ್ನ ಕಡಿಮೆ ಮಾಡ್ತಿದೀವಿ."

"ಸರ್, ಹಾಳೆಗೆ ಕಣ್ಣಿಲ್ಲ. ನೋಡೋರು ನಾವು."

"ನಿಮ್ಮ ಅಂಕಿಅಂಶ ಹಾಗನ್ನಲ್ಲ. ಅಂದಹಾಗೆ, ಅದನ್ನ ವಿಶ್ವವಿದ್ಯಾಲಯಕ್ಕೆ ಕೊಡೋಕೆ ನಮ್ಮ ಒಪ್ಪಿಗೆ ಬೇಕಲ್ವಾ?"

ವರ್ಲೀನ್‌ಗೆ ಮಾತು ಅರ್ಥವಾಯಿತು. ಪದವಿ ಕೈಗೆ ಬರುವ ಹೊತ್ತು. ಅವಳು ಬಾಯಿ ಮುಚ್ಚಿಕೊಂಡು ಹೊರಬಂದಳು. ಒಪ್ಪಿಗೆ ಪತ್ರ ಬಂತು; ಕೆಲಸ ಹೋದದ್ದು ಡೆಲ್ಫಾಳದು.

ಆ ಚಳಿಗಾಲ ಡೆಲ್ಫಾಳ ಗಂಡ ಹೋಬರ್ಟ್ ನ್ಯುಮೋನಿಯಾ ಆಗಿ ವಾರ್ಡಿಗೆ ಬಂದ. ಗಣಿಯ ದೂಳು ಕುಡಿದು ಮೊದಲೇ ಸೋತ ಶ್ವಾಸಕೋಶ. ಮಧ್ಯಾಹ್ನ ಡೆಲ್ಫಾ ಸ್ನಾನಕ್ಕೆಂದು ಮನೆಗೆ ಹೊರಟಾಗ, "ನೀನಿದೀಯಲ್ಲ, ನೋಡ್ಕೋ" ಎಂದು ವರ್ಲೀನಳ ಭುಜ ತಟ್ಟಿ ಹೋದಳು.

ಪಾಳಿಯಲ್ಲಿದ್ದದ್ದು ಇಬ್ಬರೇ. ಮತ್ತೊಬ್ಬ ನರ್ಸನ್ನು ತುರ್ತು ವಿಭಾಗದವರು ಎಳೆದುಕೊಂಡರು. ಒಬ್ಬ ಮುದುಕಿ ಹಾಸಿಗೆಯಿಂದ ಬಿದ್ದಳು, ಇನ್ನೊಬ್ಬನಿಗೆ ರಕ್ತವಾಂತಿ. ಅದೆಲ್ಲ ಮುಗಿಸಿ ವರ್ಲೀನ್ ಹೋಬರ್ಟನ ಬಳಿ ಬಂದಾಗ ಅವನ ತುಟಿ ಬೂದುಬಣ್ಣಕ್ಕೆ ತಿರುಗಿತ್ತು.

"ಡೆಲ್ಫಾ," ಎಂದ ವರ್ಲೀನಳನ್ನೇ ನೋಡುತ್ತ, "ನಾಯಿಗೆ ಊಟ ಹಾಕಿದ್ಯೇನೇ?"

ರಕ್ತಕ್ಕೆ ನಂಜೇರಿ ಅವನಿಗೆ ಗುರುತು ತಪ್ಪುತ್ತಿದೆ ಎನ್ನುವುದು ತಿಳಿದ ಕೂಡಲೇ ಅವಳು ವೈದ್ಯರನ್ನು ಕೂಗಿದಳು. ಔಷಧ ಏರಿಸಿದರು. ದೊಡ್ಡಾಸ್ಪತ್ರೆಗೆ ಒಯ್ಯುತ್ತಿದ್ದ ಆಂಬುಲೆನ್ಸ್ ಗುಡ್ಡದ ರಸ್ತೆಯಲ್ಲಿರುವಾಗಲೇ ಅವನ ಜೀವ ಹೋಯಿತು.

ಅವನನ್ನು ಮಣ್ಣು ಮಾಡಿದ ದಿನ ವರ್ಲೀನ್ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಡೆಲ್ಫಾ ಅವಳತ್ತ ತಿರುಗಲಿಲ್ಲ. ಮನೆಗೆ ಬಂದವಳೇ ವರ್ಲೀನ್ ಬರೆದು ಮುಗಿಸಿದ್ದ ವರದಿಯನ್ನು ತೆರೆದು, ನರ್ಸು ಕಡಿಮೆಯಾದದ್ದನ್ನೂ ಆಮೇಲಿನ ಸಾವನ್ನೂ ಬರೆದಳು. ಹೋಬರ್ಟನ ಹೆಸರು ಹಾಕಲಿಲ್ಲ. ತಾನು ಸುಮ್ಮನಿದ್ದುದನ್ನು ಮಾತ್ರ ಬಿಡಲಿಲ್ಲ.

ವರದಿಯ ಮೌಖಿಕ ಪರೀಕ್ಷೆಯ ದಿನ ಪರದೆಯ ಮೇಲೆ ಮೂರು ಮುಖಗಳು. ಮುಖ್ಯ ಪ್ರಾಧ್ಯಾಪಕಿ ಮೆತ್ತಗೆ ಹೇಳಿದರು: "ವರ್ಲೀನ್, ಈ ಸಾವು ನಿಮ್ಮ ಅಧ್ಯಯನದ ಅವಧಿ ಮುಗಿದ ಮೇಲೆ ಆಗಿದ್ದು. ಲೆಕ್ಕಕ್ಕೆ ಬರೋದಿಲ್ಲ. ತೆಗೆದುಬಿಡಿ."

"ತೆಗೆಯಲ್ಲ, ಮೇಡಂ. ನನ್ನ ಅಧ್ಯಯನ ಗೆದ್ದಿದ್ದಕ್ಕೇ ಅವನು ಸತ್ತಿದ್ದು."

ಮೂವರೂ ಆ ಪುಟವನ್ನು ಮತ್ತೆ ಓದಿದರು. ಕೊನೆಗೆ ಅದನ್ನು ಉಳಿಸಿಕೊಂಡೇ ಪದವಿ ಕೊಟ್ಟರು. ಆಸ್ಪತ್ರೆಯ ಮಂಡಳಿ ವರದಿ ತರಿಸಿಕೊಂಡು, ಧನ್ಯವಾದ ಹೇಳಿ, ಪಾಳಿಗೆ ಇಬ್ಬರನ್ನೇ ಮುಂದುವರಿಸಿತು.

ವರ್ಲೀನ್ ಡೆಲ್ಫಾಳ ಮನೆಗೆ ಹೋದಳು. ಡೆಲ್ಫಾ ಬಾಗಿಲನ್ನು ಅರ್ಧ ತೆರೆದಳು.

"ಎಲ್ಲಾ ಬರೆದಿದೀನಿ, ಡೆಲ್ಫಾ. ಪ್ರೆಸ್ಟನ್ ಒಬ್ರನ್ನ ತೆಗೀತೀವಿ ಅಂದಾಗ ನಾನು ಸುಮ್ನಾದೆ ಅನ್ನೋದನ್ನೂ."

"ಕೇಳ್ದೆ. ಊರೆಲ್ಲ ಹೇಳ್ತಿದೆ." ಡೆಲ್ಫಾ ಬಾಗಿಲ ಹಿಡಿಯಿಂದ ಕೈ ತೆಗೆಯಲಿಲ್ಲ. "ನೀನೇ ಕೊಂದೆ ಅಂತ ನಾನು ಯಾರ ಹತ್ರಾನೂ ಅಂದಿಲ್ಲ ಕಣೇ. ಆದ್ರೆ ಒಳಗೆ ಬಾ ಅನ್ನೋಕೆ ನಾಲಿಗೆ ಏಳ್ತಿಲ್ಲ. ಹೋಗು, ಪಾಳಿಗೆ ಹೊತ್ತಾಯ್ತು ನಿಂಗೆ."

ಅದೂ ನಿಜವೇ ಆಗಿತ್ತು. ವರ್ಲೀನ್ ಕಾರು ಹತ್ತಿ ಆಸ್ಪತ್ರೆಗೆ ಹೋದಳು. ಆ ದಿನ ಜೊತೆಯ ನರ್ಸ್ ಬಂದಿರಲಿಲ್ಲ. ಅವಳೊಬ್ಬಳೇ ಮೊದಲನೆಯ ಹಾಸಿಗೆಯಿಂದ ಶುರುಮಾಡಿದಳು.