ಮೂರು ನಿಮಿಷದ ಭಾಷಣ

ನಿವೃತ್ತಿಯ ದಿನ ಮೂರೇ ನಿಮಿಷ ಮಾತಾಡಿ ಎಂದು ಮುದ್ರಣಾಲಯದ ಮ್ಯಾನೇಜರು ಹೇಳಿದ್ದರು. ಉದ್ದ ಭಾಷಣಕ್ಕೆ ಜನ ಆಕಳಿಸುತ್ತಾರೆಂದು ನನಗೇನು ಗೊತ್ತಿಲ್ಲವೇ? ಬರೆದದ್ದನ್ನು ಕತ್ತರಿಸಿ ಚಿಕ್ಕದು ಮಾಡಿದೆ. ಚಿಕ್ಕಂದಿನಲ್ಲಿ ತೊದಲುತ್ತಿದ್ದ ನನ್ನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ದಿನಾ ಪತ್ರಿಕೆ ಓದಿಸಿ ನಾಲಗೆ ತಿದ್ದಿದವಳು ಅಕ್ಕ ಎಂದು ಬರೆದಿದ್ದ ಸಾಲೂ ಹೋಯಿತು. ಅಕ್ಕ ನಮ್ಮವಳೇ ತಾನೇ, ಹೇಳದಿದ್ದರೂ ನಡೆಯುತ್ತದೆ ಅಂದುಕೊಂಡೆ, ದಡ್ಡ! ಸಾಲದ್ದಕ್ಕೆ ಸಮಯ ನೋಡಿಕೋ ಎಂದು ನನ್ನ ಗಡಿಯಾರವನ್ನು ಅವಳ ಕೈಗೇ ಕೊಟ್ಟು ಮೊದಲ ಸಾಲಿನಲ್ಲಿ ಕೂರಿಸಿದೆ.

ಎಲ್ಲೂ ತಡವರಿಸಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಇಳಿದು ಬಂದವನೇ, "ಹೇಗಿತ್ತಕ್ಕಾ?" ಎಂದೆ.

"ಒಂದು ಕಡೆನೂ ತೊದಲಲಿಲ್ಲ ಕಣೋ."

ಗಡಿಯಾರವನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

"ಇನ್ನೂ ಹತ್ತು ಸೆಕೆಂಡು ಉಳಿದಿತ್ತಲ್ಲೋ," ಎಂದಳು.