ಡ್ರೈಯರ್ ಆರಿಸಿದ್ದು ಯಾಕೆ

ತಂಗಿಯ ಬಾಯಿ ಅಂದರೆ ಬಾಯಿ! ಅಕ್ಕತಂಗಿಯರು ಸೇರಿ ನಡೆಸುತ್ತಿದ್ದ ಬ್ಯೂಟಿ ಪಾರ್ಲರಿಗೆ ಅರ್ಧ ಜನ ಬರುತ್ತಿದ್ದುದೇ ಅವಳ ಮಾತು ಕೇಳುವುದಕ್ಕೆ. ಕೂದಲು ಬರೀ ನೆಪ. ಅಂಥವಳಿಗೆ ಅವಳ ವಿಚ್ಛೇದನದ ಕೇಸು ಹಿಡಿದ ವಕೀಲಮ್ಮ ಹೇಳಿದ್ದೇನು ಗೊತ್ತೇ? "ಕೇಸು ಮುಗಿಯೋ ತನಕ ಅದರ ಬಗ್ಗೆ ಯಾರ ಹತ್ರಾನೂ ಉಸಿರೆತ್ತಬೇಡಿ. ಫೋನಲ್ಲೂ ಬೇಡ, ಮೆಸೇಜಲ್ಲೂ ಬೇಡ. ಸಿಟ್ಟಲ್ಲಿ ಅಂದಿದ್ದನ್ನೇ ತಂದು ನಿಮ್ಮ ಮುಂದೆ ಹಿಡೀತಾರೆ."

ಇವಳು ಬಾಯಿಗೆ ಬೀಗ ಹಾಕಿಕೊಳ್ಳುವುದುಂಟೇ ಎಂದು ಅಕ್ಕನಿಗೆ ನಗು ಬಂತು. ಆದರೆ ನಗುವ ಕಾಲವಲ್ಲ. ವಿಚ್ಛೇದನಕ್ಕೆ ಗಂಡಹೆಂಡಿರಿಬ್ಬರೂ ಒಪ್ಪಿದ್ದರು, ಕಿತ್ತಾಟವೆಲ್ಲ ಮಗಳಿಗಾಗಿ. ಇವಳು ಮಗುವಿನ ಕಿವಿಯಲ್ಲಿ ಅಪ್ಪನ ಮೇಲೆ ಚಾಡಿ ತುಂಬುತ್ತಾಳೆ, ಇಂದಲ್ಲ ನಾಳೆ ಎತ್ತಿಕೊಂಡು ಊರು ಬಿಡುತ್ತಾಳೆ, ಮಗು ತನಗೇ ಬೇಕು ಎಂದು ಗಂಡನ ದೂರು. ಹಸಿ ಸುಳ್ಳು. ಆದರೆ ಅದು ಸುಳ್ಳು ಅಂತ ನ್ಯಾಯಾಧೀಶರಿಗೇನು ಕನಸು ಬೀಳುತ್ತದೆಯೇ?

ಒಂದು ದಿನ ಗಂಡನ ತಂಗಿ ಬಂದಳು. ಅಣ್ಣನ ಮದುವೆಯಾದಾಗಿನಿಂದ ಈ ಕಡೆ ತಲೆ ಹಾಕದ ನಾದಿನಿಗೆ ಈಗ ಇಲ್ಲೇ ಕೂದಲು ಕತ್ತರಿಸಿಕೊಳ್ಳಬೇಕಂತೆ! ತಲೆ ತೊಳೆಸಿಕೊಂಡು ಕೂತವಳೇ ಕನ್ನಡಿಯ ಕೆಳಗೆ ಫೋನು ಮಗುಚಿಟ್ಟು, ದನಿಗೆ ಬೆಣ್ಣೆ ಹಚ್ಚಿದಳು. "ಅತ್ತಿಗೆ, ನಮ್ಮಣ್ಣ ಎಂಥೋನು ಅಂತ ನಂಗೊತ್ತಿಲ್ವಾ? ಮಗೂನ ಕರ್ಕೊಂಡು ಎಲ್ಲಾದ್ರೂ ಹೋಗ್ಬಿಡೋಣ ಅನ್ಸಲ್ವಾ ನಿಮಗೆ?"

ತಂಗಿ ಡ್ರೈಯರ್ ಹಾಕಿದಳು. ಗುಂಯ್ ಅಂತ ಅಂಗಡಿ ತುಂಬ ಸದ್ದು.

"ಏನಂದ್ರಿ? ಕೇಳಿಸ್ಲಿಲ್ಲ. ತಲೆ ಸ್ವಲ್ಪ ಬಗ್ಗಿಸಿ."

ಸದ್ದು ನಿಂತಾಗ ನಾದಿನಿ ಮತ್ತೆ ಶುರು ಮಾಡಿದಳು, "ಅಣ್ಣನ ಕಂಡ್ರೆ ಮೈ ಉರಿಯುತ್ತೆ ಅಲ್ವಾ?" ಮತ್ತೆ ಗುಂಯ್. ಕೂದಲು ಒಣಗಿ ಗರಿಗರಿಯಾಯಿತು. ನೀರು ಚಿಮುಕಿಸಿ ಇನ್ನೊಮ್ಮೆ ಒಣಗಿಸಿದಳು. ಟವೆಲು ಮಡಿಸುತ್ತಿದ್ದ ಅಕ್ಕನಿಗೆ ಒಂದು ಕಡೆ ಪಿತ್ತ ನೆತ್ತಿಗೇರುತ್ತಿತ್ತು, ಇನ್ನೊಂದು ಕಡೆ ನಗು ತಡೆಯಲಾಗುತ್ತಿರಲಿಲ್ಲ. ಭಲೇ ನನ್ನ ತಂಗಿ! ತಾನಾಗಿದ್ದರೆ ಇಷ್ಟು ಹೊತ್ತಿಗೆ ಜನ್ಮ ಜಾಲಾಡಿ, ಕೇಸನ್ನೂ ಕೈಯಾರೆ ಕೆಡಿಸಿಕೊಂಡಿರುತ್ತಿದ್ದಳು.

ಅಷ್ಟರಲ್ಲಿ ಮಗಳು ಶಾಲೆಯಿಂದ ಬಂದು, ಬ್ಯಾಗನ್ನೂ ಇಳಿಸದೆ ಅಮ್ಮನ ಮೊಣಕೈ ಹಿಡಿದು ಏನೋ ಕೇಳಿದಳು. ತಂಗಿ ತಟ್ಟನೆ ಡ್ರೈಯರ್ ಆರಿಸಿದಳು. ಅಕ್ಕ ಟವೆಲು ಬಿಟ್ಟು ಕನ್ನಡಿಯ ಕೆಳಗೆ ನೋಡಿದಳು. ಫೋನು ಅಲ್ಲೇ ಇದೆಯಲ್ಲೇ, ಪೆದ್ದೀ!

"ಶನಿವಾರ ನಾನು ಅಪ್ಪನ ಹತ್ರ ಹೋದ್ರೆ ನಿಂಗೆ ಬೇಜಾರಾ ಅಮ್ಮ?"

"ನಂಗ್ಯಾಕೆ ಬೇಜಾರು? ಹೋಗು ಪುಟ್ಟಿ, ಅಪ್ಪ ದಾರಿ ಕಾಯ್ತಿರ್ತಾರೆ. ನೀನು ಬರೆದಿದ್ದೀಯಲ್ಲ ಆನೆ, ಅದನ್ನ ತಗೊಂಡೋಗು. ನೋಡಿದ್ರೆ ಹಿಗ್ಗಿಹೋಗ್ತಾರೆ."

ಕೋರ್ಟಿನಲ್ಲಿ ಸಾಕ್ಷಿಗೆ ನಿಂತ ನಾದಿನಿ, ಅತ್ತಿಗೆ ಊರು ಬಿಡುವ ಮಾತಾಡಿದ್ದು ನಿಜ, ತನ್ನ ಫೋನಿನಲ್ಲೇ ರೆಕಾರ್ಡಾಗಿದೆ ಎಂದು ಜಂಬ ಕೊಚ್ಚಿದಳು. ಆ ಡ್ರೈಯರ್ ಗದ್ದಲದಲ್ಲಿ ಯಾರಿಗೇನು ತಿಳಿಯುತ್ತದೆ ಎಂಬ ಭಂಡ ಧೈರ್ಯ. ವಕೀಲಮ್ಮ ಬಿಡಬೇಕಲ್ಲ! ಪೂರ್ತಿ ಕೇಳೋಣ ಎಂದು ಪಟ್ಟು ಹಿಡಿದರು. ನಾದಿನಿಯ ಪ್ರಶ್ನೆ, ಗುಂಯ್, ಮತ್ತೆ ಪ್ರಶ್ನೆ, ಮತ್ತೆ ಗುಂಯ್. ನ್ಯಾಯಾಧೀಶರು ಕೆನ್ನೆಗೆ ಕೈಕೊಟ್ಟು ಕೇಳಿದರು. ಕೊನೆಗೆ ಸದ್ದೆಲ್ಲ ಅಡಗಿ, ಮಗುವಿನ ದನಿ, ತಾಯಿಯ ಉತ್ತರ. ಗಂಡ ತಲೆ ತಗ್ಗಿಸಿದ. ಆ ಆನೆ ಅವನ ಮನೆಯ ಗೋಡೆಯ ಮೇಲಿತ್ತು.

ಮಗು ತಾಯಿಯ ಹತ್ತಿರವೇ ಉಳಿಯಿತು, ಶನಿವಾರ ಅಪ್ಪನಿಗೆ. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅಕ್ಕ ಕೇಳಿದಳು, "ಅಲ್ವೇ, ಫೋನಿರೋದು ಗೊತ್ತಿದ್ದೂ ಡ್ರೈಯರ್ ಯಾಕೆ ಆರಿಸ್ದೆ?"

"ಮಗು ಏನೋ ಕೇಳ್ತಿತ್ತಲ್ಲಕ್ಕಾ. ಕೇಳಿಸ್ಲಿಲ್ಲ ಅಂತ ಅದಕ್ಕೂ ಹೇಳ್ಲಾ?"

ತಂಗಿ ಅಲ್ಲಿಂದ ಶುರುಮಾಡಿದವಳು ಮನೆ ಮುಟ್ಟುವವರೆಗೂ ಬಾಯಿ ಮುಚ್ಚಲಿಲ್ಲ. ಅಕ್ಕ ಒಂದು ಮಾತಿಗೂ ಅಡ್ಡ ಬರಲಿಲ್ಲ.